ನಿಂತು ಹುಟ್ಟು ಹಾಕುವುದೋ, ಕುಳಿತೋ, ಹರಿಗೋಲಿನಲ್ಲಿ ತಿರುಗುವುದೋ?

ಈ ಚಳಿಗಾಲದಲ್ಲಿ ಒಂದೇ ಪ್ರಶ್ನೆಯನ್ನು ನನ್ನ ಮುಂದೆ ಮೂರು ಕಡೆಯವರು ಇಟ್ಟರು. ಬೆಂಗಳೂರಿನಲ್ಲಿ ಆರನೆಯ ಮಹಡಿಯ ಫ್ಲ್ಯಾಟಿನಲ್ಲಿರುವ ಒಂದು ದಂಪತಿ ಮೂಲ್ಕಿಯ ಶಾಂಭವಿ ನದಿಯಲ್ಲಿ ಒಂದು ಬೆಳಿಗ್ಗೆ ಪ್ಯಾಡಲ್ ಬೋರ್ಡ್ ಎಂಬ, ನಿಂತು ಹುಟ್ಟು ಹಾಕುವ ತೇಲುವ ಹಲಗೆಯ ಮೇಲೆ ನಿಂತು ಬಂದಿದ್ದಾರೆ. ಅಂದಿನಿಂದ ಅವರಿಗೆ ಅದೇ ಗುಂಗು, ಸ್ವಂತಕ್ಕೆ ಒಂದು ಕೊಳ್ಳಬೇಕು. ಮೈಸೂರಿನ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರಿಗೆ ಹಕ್ಕಿ ನೋಡುವ ಹುಚ್ಚು, ಜೊತೆಗೆ ಮಂಡಿನೋವು. ನಿಲ್ಲಲಾಗದವನು ಕುಳಿತು ಹುಟ್ಟು ಹಾಕುವ ಕಿರುದೋಣಿ ಕಯಾಕ್ ಕೊಂಡರೆ ಹೇಗೆ ಎಂಬುದು ಅವರ ವಿಚಾರ. ಮೂರನೆಯವನು ನನ್ನ ಚಿಕ್ಕಮ್ಮನ ಮಗ. ಬ್ರಹ್ಮಾವರದ ಕಡೆ ಸೀತಾ ನದಿಯ ದಂಡೆಯಲ್ಲೇ ಅವನ ಮನೆ. "ಗಾಳಿ ತುಂಬಿದ ಹಲಗೆಗೆ ಅಷ್ಟು ದುಡ್ಡು ಸುರಿಯುವ ಬದಲು ಒಂದು ಹಳೆಯ ಪಾತಿ ದೋಣಿ ಕೊಂಡರೆ ಆಗದೇ ಅಣ್ಣ?" ಎಂದು ಕೇಳಿದ. ಪಾತಿ ಎಂದರೆ ನಮ್ಮ ಕಡೆಯ ಸಣ್ಣ ಮರದ ದೋಣಿ. ಅವನು ತಮಾಷೆಗೆ ಕೇಳಿದ್ದು. ನಾನು ಎರಡು ದಿನ ಯೋಚಿಸಿದೆ.

ಮೂರು ಕಡೆಗೂ ಒಂದೇ ಉತ್ತರ ಕೊಡಲಾಗದು. ಆದರೆ ಉತ್ತರ ಹುಡುಕುವ ದಾರಿ ಒಂದೇ. ಅಂಗಡಿಯಲ್ಲಿ ಮೊದಲು ನಿಮ್ಮ ಎತ್ತರ, ತೂಕ ಕೇಳುತ್ತಾರೆ. ನಾನಾದರೆ ನೀವು ಇಳಿಯುವ ನೀರು ಯಾವುದೆಂದು ಕೇಳುತ್ತೇನೆ. ಆಮೇಲೆ ಜೊತೆಗೆ ಯಾರು ಬರುತ್ತಾರೆ, ಸಾಮಾನನ್ನು ಎಲ್ಲಿ ಇಡುತ್ತೀರಿ, ನಿಮಗೆ ಈಜು ಬರುತ್ತದೆಯೇ, ವರ್ಷಕ್ಕೆ ಎಷ್ಟು ಸಲ ನಿಜವಾಗಿ ಹೋಗುತ್ತೀರಿ. ಕೊನೆಯ ಪ್ರಶ್ನೆಗೆ ಎಲ್ಲರೂ ಸುಳ್ಳು ಹೇಳುತ್ತಾರೆ, ನಾನೂ ಹೇಳಿದ್ದೆ.

ಯಾವ ನೀರು?

ನಮ್ಮಲ್ಲಿ ಆಟಕ್ಕೆ ಸಿಗುವ ನೀರು ಮೂರು ಬಗೆ: ನಿಂತ ನೀರು, ಅಳಿವೆಯ ನೀರು, ಹರಿಯುವ ನೀರು.

ನಿಂತ ನೀರು ಎಂದ ಕೂಡಲೇ ಬೆಂಗಳೂರಿನವರಿಗೆ ಮನೆಯ ಹಿಂದಿನ ಕೆರೆ ನೆನಪಾಗುತ್ತದೆ. ಅದು ಬೇಡ. ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ, ಬೆಂಕಿಯನ್ನೂ ಹೊತ್ತಿಸಿಕೊಂಡ ಊರು ಇದು. ಕಲಿಯುವವರು ನೀರಿಗೆ ಬೀಳದೆ ಇರುವುದಿಲ್ಲ, ಬಿದ್ದವರ ಬಾಯಿಗೆ ನೀರು ಹೋಗದೆ ಇರುವುದಿಲ್ಲ. ಕೊಳಚೆ ಸೇರುವ ಕೆರೆಯಲ್ಲಿ ಹೊಟ್ಟೆಯ ತೊಂದರೆ, ಚರ್ಮದ ತೊಂದರೆ, ಇಲಿಜ್ವರ ಮೂರಕ್ಕೂ ಅವಕಾಶವಿದೆ. ಆದ್ದರಿಂದ ಇಲ್ಲಿ ನಿಂತ ನೀರು ಎಂದರೆ ಜಲಾಶಯದ ಹಿನ್ನೀರು. ಸಾಗರ ತಾಲ್ಲೂಕಿನ ಹೊನ್ನೆಮರಡುವನ್ನು ತೆಗೆದುಕೊಳ್ಳಿ. ಅದು ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಶರಾವತಿ ನಿಂತ ಜಾಗ. ಮಳೆಗಾಲ ಮುಗಿದ ಮೇಲೆ ನೀರು ತುಂಬಿ, ನಡುಗಡ್ಡೆಗಳ ಸುತ್ತ ಕನ್ನಡಿಯಂತಿರುತ್ತದೆ. ಬೇಸಿಗೆಗೆ ನೀರು ಇಳಿದಂತೆ ಅರವತ್ತು ವರ್ಷಗಳ ಹಿಂದೆ ಮುಳುಗಿದ ಕಾಡಿನ ಬೊಡ್ಡೆಗಳು ಒಂದೊಂದಾಗಿ ಮೇಲೇಳುತ್ತವೆ. ಪೂರ್ತಿ ಮೇಲೆದ್ದವು ಕಣ್ಣಿಗೆ ಬೀಳುತ್ತವೆ. ನೀರಿನ ಒಂದು ಗೇಣು ಕೆಳಗೆ ಅಡಗಿದವು ಬೋರ್ಡಿನ ಅಡಿಯಲ್ಲಿ ಮೀನಿನ ರೆಕ್ಕೆಯಂತಿರುವ ಫಿನ್‌ಗೆ ಬಡಿದು, ನಿಂತವರನ್ನು ಮುಂದಕ್ಕೆ ಎಸೆಯುತ್ತವೆ. ಅಲ್ಲಿಗೆ ಹೋಗುವುದಾದರೆ ಅಕ್ಟೋಬರಿನಿಂದ ಜನವರಿಯವರೆಗಿನ ಕಾಲ ಒಳ್ಳೆಯದು. ಯಾವ ಜಲಾಶಯವಾದರೂ ಅದರ ಉಸ್ತುವಾರಿಯವರನ್ನು ಕೇಳಿಯೇ ಇಳಿಯಬೇಕು. ಎಷ್ಟೋ ಕಡೆ ನಿಷೇಧದ ಫಲಕವಿರುತ್ತದೆ, ಆ ಫಲಕದ ಹಿಂದೆ ಸಾಮಾನ್ಯವಾಗಿ ಒಂದೆರಡು ಸಾವುಗಳಿರುತ್ತವೆ.

ಅಳಿವೆಯ ನೀರಿಗೆ ಕರಾವಳಿಯೇ ಬೇಕು. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆ, ಶಾಂಭವಿ ಮತ್ತು ನಂದಿನಿ ಕೂಡುವ ಮೂಲ್ಕಿ, ಹೊನ್ನಾವರದ ಶರಾವತಿ, ಕುಮಟಾದ ಅಘನಾಶಿನಿ. ನೋಡಲು ಕೆರೆಯಂತಿದ್ದರೂ ಈ ನೀರಿಗೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವತ್ತಿನ ಉಬ್ಬರ ನಾಳೆ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೆಳೆತ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಸೌಮ್ಯ. ಕಲಿಯುವವರು ಮನೆಯ ಪಂಚಾಂಗ ನೋಡಿ ಅಷ್ಟಮಿ, ನವಮಿಗೆ ಹೋಗುವುದು ಒಳ್ಳೆಯದು. ಪಂಚಾಂಗವನ್ನು ಇದಕ್ಕೂ ಬಳಸಬಹುದೆಂದು ನನಗೆ ತೋರಿಸಿಕೊಟ್ಟವರು ಬಲೆ ಬಿಡುವ ಒಬ್ಬ ಅಜ್ಜ.

ಗಾಳಿಯ ಮಾತನ್ನು ಇಲ್ಲೇ ಹೇಳಬೇಕು, ಏಕೆಂದರೆ ಆಯ್ಕೆಯನ್ನು ಅರ್ಧ ನಿರ್ಧರಿಸುವುದು ಅದು. ಬೋರ್ಡಿನ ಮೇಲೆ ನಿಂತ ಮನುಷ್ಯನೇ ಒಂದು ಹಾಯಿ. ಕುಳಿತವನಿಗೆ ತಂಗಾಳಿ ಎನಿಸುವುದು ನಿಂತವನಿಗೆ ದೂಡುವ ಕೈ. ಕರಾವಳಿಯಲ್ಲಿ ಹಗಲೇರಿದಂತೆ ಕಡಲಿನಿಂದ ನೆಲದ ಕಡೆ ಗಾಳಿ ಬೀಸತೊಡಗಿ ಮಧ್ಯಾಹ್ನ ಬಲವಾಗುತ್ತದೆ. ಹೀಗಾಗಿ ಎಲ್ಲರೂ ಬೆಳಗಿನ ಜಾವವನ್ನೇ ಆರಿಸಿಕೊಳ್ಳುತ್ತಾರೆ, ಅದು ಸರಿ. ಆದರೆ ಬೆಳಗಿನ ಜಾವದಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ಗಾಳಿ ನೆಲದಿಂದ ಕಡಲಿನ ಕಡೆಗಿರುತ್ತದೆ. ಅದೇ ಹೊತ್ತಿಗೆ ಇಳಿತವೂ ಇದ್ದರೆ ಎರಡೂ ಸೇರಿ ನಿಮ್ಮನ್ನು ಅಳಿವೆಬಾಗಿಲಿನತ್ತ ಒಯ್ಯುತ್ತವೆ. ಹೋಗುವಾಗ ಹಾಯೆನಿಸುತ್ತದೆ, ತಿರುಗಿ ಬರುವಾಗ ತೋಳು ಬಿದ್ದುಹೋಗುತ್ತದೆ. ಆದ್ದರಿಂದ ಮೊದಲು ಎದುರು ಗಾಳಿಗೆ, ಎದುರು ನೀರಿಗೆ ಹೋಗಿ ದಣಿದು, ಆಮೇಲೆ ಅವುಗಳ ಬೆನ್ನೇರಿ ಮನೆಗೆ ಬರಬೇಕು. ಅಂದರೆ ನದಿಯ ಒಳಕ್ಕೆ, ಸೇತುವೆಯ ಕಡೆಗೆ. ಬಾಗಿಲಿನ ಕಡೆಗಲ್ಲ.

ಮೂರನೆಯದು ಹರಿಯುವ ನೀರು. ಅದರ ಕಥೆ ಬೇರೆ, ಮುಂದೆ ಬರುತ್ತದೆ.

ಗಾಳಿ ತುಂಬುವ ಬೋರ್ಡ್

ಈಗ ಎಲ್ಲರ ಕಣ್ಣೂ ಇದರ ಮೇಲೆ. ಹವಾಯಿಯ ಅಲೆಗಳಿಂದ ಹೊರಟ ಈ ಆಟ ಈ ಶತಮಾನದ ಆರಂಭದಿಂದ ಲೋಕವೆಲ್ಲ ಹರಡಿತು. 2024ರ ಮಾರ್ಚ್‌ನಲ್ಲಿ ಮೂಲ್ಕಿ ಬಳಿಯ ನಮ್ಮ ಸಸಿಹಿತ್ಲು ಕಡಲತೀರದಲ್ಲೇ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆ ನಡೆಯಿತು. ಸ್ಪರ್ಧಿಗಳ ಬೋರ್ಡ್ ಗಟ್ಟಿಯದು, ಉದ್ದನೆಯದು, ಕಿರಿದಾದದ್ದು. ನೀವು, ನಾನು ಕೊಳ್ಳುವುದು ಗಾಳಿಯದು.

ಇದನ್ನು ಮಕ್ಕಳ ಈಜುಕೊಳದ ಬಲೂನ್ ಹಾಸಿಗೆ ಎಂದುಕೊಳ್ಳಬೇಡಿ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವೆ ಸಾವಿರಾರು ದಾರದ ಎಳೆಗಳನ್ನು ಒತ್ತಾಗಿ ನೇಯ್ದಿರುತ್ತಾರೆ. ಗಾಳಿ ಒತ್ತಿದಾಗ ಬೋರ್ಡ್ ದುಂಡಗೆ ಉಬ್ಬಲಾರದು, ಎಳೆಗಳು ಬಿಗಿದು ಹಲಗೆಯಷ್ಟು ಗಟ್ಟಿಯಾಗುತ್ತದೆ. ಬೇಕಾದ ಒತ್ತಡ 12ರಿಂದ 15 ಪಿಎಸ್‌ಐ, ಕಾರಿನ ಟೈರಿಗೆ ಹಾಕುವುದರ ಅರ್ಧ. ಕೈಪಂಪಿನಲ್ಲಿ ಹತ್ತು ನಿಮಿಷ ಬೆವರು. ಮೊದಲ ಕೆಲವು ನಿಮಿಷ ಮೀಟರಿನ ಮುಳ್ಳು ಅಲ್ಲಾಡುವುದೇ ಇಲ್ಲ. ಪಂಪ್ ಕೆಟ್ಟಿದೆ ಎಂದು ನಾನು ಮೊದಲ ಸಲ ಬಿಚ್ಚಿ ನೋಡಿದ್ದೆ. ಎಂಟಕ್ಕೇ ಸಾಕೆಂದು ಬಿಟ್ಟರೆ ನೀರಿನ ಮೇಲೆ ನಡುವೆ ಜೋತು ಬಿದ್ದು, ನಿಂತವರ ಕಾಲು ನಡುಗುತ್ತದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಪೂರ್ತಿ ತುಂಬಿದ ಬೋರ್ಡನ್ನು ದಡದಲ್ಲಿ ಬಿಟ್ಟು ಊಟಕ್ಕೆ ಹೋದರೆ ಒಳಗಿನ ಗಾಳಿ ಹಿಗ್ಗಿ ಅಂಟಿಸಿದ ಅಂಚು ಬಿಡಬಹುದು. ನೆರಳಿಗೆ ಎಳೆಯಿರಿ, ಇಲ್ಲವೇ ಸ್ವಲ್ಪ ಗಾಳಿ ಬಿಡಿ.

ಇದರ ದೊಡ್ಡ ಗುಣ ಒಂದೇ: ಮಡಚಿದರೆ ಒಂದು ದೊಡ್ಡ ಬೆನ್ನುಚೀಲ. ಪಂಪ್, ಹುಟ್ಟು ಸೇರಿ ಹತ್ತು ಹನ್ನೆರಡು ಕಿಲೋ. ಲಿಫ್ಟಿನಲ್ಲಿ ಹಿಡಿಸುತ್ತದೆ, ಮಂಚದ ಕೆಳಗೆ ಮಲಗುತ್ತದೆ, ಹೊನ್ನಾವರದ ಬಸ್ಸಿನ ಡಿಕ್ಕಿಯಲ್ಲೂ ಹೋಗುತ್ತದೆ. ಫ್ಲ್ಯಾಟಿನಲ್ಲಿರುವವರಿಗೆ ಈ ಗುಣದ ಮುಂದೆ ಉಳಿದ ದೋಷಗಳೆಲ್ಲ ಸಣ್ಣವು.

ಅಳತೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹತ್ತೂವರೆ ಅಡಿ ಉದ್ದ, 32 ಅಂಗುಲ ಅಗಲ, 6 ಅಂಗುಲ ದಪ್ಪದ್ದು ಬಹುಪಾಲು ಜನರಿಗೆ ಸರಿ. ತೂಕ 85 ಕಿಲೋ ದಾಟಿದ್ದರೆ, ಅಥವಾ ಮುಂದೆ ಮಗುವನ್ನು ಕೂರಿಸಿಕೊಳ್ಳುವುದಿದ್ದರೆ 33-34 ಅಂಗುಲ ಅಗಲದ್ದನ್ನು ನೋಡಿ. ಪೆಟ್ಟಿಗೆಯ ಮೇಲೆ ಅಚ್ಚಾದ ಗರಿಷ್ಠ ತೂಕವನ್ನು ನಾನು ನಂಬುವುದಿಲ್ಲ. ಅಷ್ಟು ಹೊತ್ತರೂ ಮುಳುಗದು ಎಂದು ಅದರ ಅರ್ಥ, ಅಷ್ಟು ಹೊತ್ತರೂ ಚೆನ್ನಾಗಿ ಸಾಗುತ್ತದೆ ಎಂದಲ್ಲ. ಅದರ ಮೂರನೆಯ ಎರಡು ಭಾಗದೊಳಗೆ ಇರುವುದು ನನ್ನ ರೂಢಿ.

ಜನ ಹುಟ್ಟಿನಲ್ಲಿ ಉಳಿಸಲು ಹೋಗಿ ಕೆಡುತ್ತಾರೆ. ಬೋರ್ಡಿನ ಜೊತೆ ಬರುವ ಅಲ್ಯೂಮಿನಿಯಂ ಹುಟ್ಟು ಅಂಗಡಿಯಲ್ಲಿ ಹಗುರವೇ. ನಿಮಿಷಕ್ಕೆ ಮೂವತ್ತು ಸಲ ಎತ್ತಿದರೆ ಗಂಟೆಗೆ 1,800 ಸಲ. ಅಷ್ಟು ಹೊತ್ತಿಗೆ ಭುಜ ಲೆಕ್ಕ ಹೇಳುತ್ತದೆ. ಬೋರ್ಡ್ ಒಂದು ದರ್ಜೆ ಕಡಿಮೆಯದಾದರೂ ಪರವಾಗಿಲ್ಲ, ಫೈಬರ್‌ಗ್ಲಾಸ್ ಹುಟ್ಟು ತೆಗೆದುಕೊಳ್ಳಿ. ಉದ್ದ ನಿಮ್ಮ ಎತ್ತರಕ್ಕಿಂತ ಒಂದು ಗೇಣು ಹೆಚ್ಚಿರಲಿ. ಹುಟ್ಟಿನ ಅಲಗು ಸ್ವಲ್ಪ ಬಾಗಿರುತ್ತದೆ. ಹೊಸಬರೆಲ್ಲ ಅದನ್ನು ಸೌಟು ಹಿಡಿದಂತೆ, ನೀರನ್ನು ಬಾಚಿಕೊಳ್ಳುವ ಹಾಗೆ ಹಿಡಿಯುತ್ತಾರೆ. ಅದು ತಿರುವುಮುರುವು, ಅಲಗು ಬೋರ್ಡಿನ ಮುಂತುದಿಯ ಕಡೆಗೆ ಬಾಗಿರಬೇಕು.

ಇನ್ನು ದೋಷಗಳು. ಗಾಳಿಗೆ ಸೋಲುತ್ತದೆ ಎಂದು ಹೇಳಿಯಾಯಿತು. ವೇಗ ಕಡಿಮೆ, ಕಲಿತವರೂ ಗಂಟೆಗೆ ನಾಲ್ಕೈದು ಕಿಲೋಮೀಟರ್, ಅಂದರೆ ನಡೆದಷ್ಟೇ. ಸಾಮಾನು ಇಟ್ಟರೆ ಒದ್ದೆಯಾಗುತ್ತದೆ. ಅಳಿವೆಯ ಆಳವಿಲ್ಲದ ಜಾಗದಲ್ಲಿ ಫಿನ್ ಮರಳಿಗೆ ತಾಗುತ್ತದೆ. ಅಲ್ಲಿ ಬಿದ್ದರೆ ಕೆಳಗೆ ಮರುವಾಯಿ ಚಿಪ್ಪುಗಳು, ಬ್ಲೇಡಿನಂತಹ ಅಂಚು. ಗಿಡ್ಡನೆಯ ಫಿನ್ ಮತ್ತು ಕಾಲಿಗೆ ಹಳೆಯ ಕ್ಯಾನ್‌ವಾಸ್ ಬೂಟು ಇದ್ದರೆ ಆ ಭಯ ಅರ್ಧ ಕಡಿಮೆ. ಬೀಳುವಾಗ ತಲೆ ಮುಂದಾಗಿ ಹಾರದೆ ಚಪ್ಪಟೆಯಾಗಿ, ಬೋರ್ಡಿನಿಂದ ದೂರಕ್ಕೆ ಬೀಳಬೇಕು.

ಆದರೂ ಇದನ್ನು ಇಷ್ಟಪಡಲು ಕಾರಣವಿದೆ. ನಿಂತಾಗ ಕಣ್ಣು ನೀರಿನೊಳಕ್ಕೆ ಇಳಿಯುತ್ತದೆ. ಕುಳಿತವನಿಗೆ ನೀರಿನ ಮೇಲೆ ಹೊಳೆಯುವ ಬೆಳಕಷ್ಟೇ ಕಾಣುವ ಜಾಗದಲ್ಲಿ ನಿಂತವನಿಗೆ ಏಡಿ ಓಡುವುದು, ಮೀನಿನ ಮರಿಗಳ ಹಿಂಡು ಒಮ್ಮೆಲೇ ತಿರುಗುವುದು ಕಾಣುತ್ತದೆ. ಸೊಂಟಕ್ಕೆ, ಪಾದಕ್ಕೆ ಸಿಗುವ ಕೆಲಸವೂ ಬೇರೆಯೇ. ಮರುದಿನ ಎಲ್ಲೆಲ್ಲಿ ಸ್ನಾಯು ಇದೆ ಎಂದು ತಿಳಿಯುತ್ತದೆ.

ಗಟ್ಟಿ ಬೋರ್ಡಿನ ಬಗ್ಗೆ ಎರಡೇ ಮಾತು. ನೀರನ್ನು ಚೆನ್ನಾಗಿ ಸೀಳುತ್ತದೆ, ನೇರ ಹೋಗುತ್ತದೆ. ಆದರೆ ಹತ್ತಡಿಯ ಈ ಸಾಮಾನಿಗೆ ಉದ್ದನೆಯ ಜಗಲಿ ಬೇಕು, ಕಾರಿನ ಮೇಲೆ ಕಟ್ಟುವ ಚೌಕಟ್ಟು ಬೇಕು, ಕಲ್ಲಿಗೆ ಬಡಿದು ಬಿರುಕು ಬಿಟ್ಟರೆ ಒಳಗಿನ ಫೋಮ್ ನೀರು ಕುಡಿಯುವ ಮೊದಲು ರಿಪೇರಿ ಆಗಬೇಕು. ನದಿಯ ದಂಡೆಯಲ್ಲೇ ಮನೆಯಿದ್ದು, ವಾರಕ್ಕೆ ಮೂರು ದಿನ ಇಳಿಯುವವರಿಗೆ ಮಾತ್ರ.

ಕಯಾಕ್

ಆರ್ಕ್ಟಿಕ್ ತೀರದ ಜನ ಚೌಕಟ್ಟಿನ ಮೇಲೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಮಾಡಿಕೊಂಡ ಬೇಟೆಯ ದೋಣಿ ಇದು. ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನದು. ಎರಡು ಬಗೆ ನೆನಪಿಡಿ. ಒಂದರಲ್ಲಿ ಕಾಲು ಒಳಗೆ ತೂರಿಸಿ ಕೂರಬೇಕು, ಇನ್ನೊಂದರಲ್ಲಿ ಮೇಲೆ, ತೆರೆದ ತಟ್ಟೆಯಲ್ಲಿ ಕೂತಂತೆ ಕೂರಬೇಕು. ಒಳಗೆ ಕೂರುವುದು ಮಗುಚಿದರೆ ತಲೆಕೆಳಗಾಗಿ ನೀರಿನಲ್ಲಿದ್ದೇ ಹೊರಬರುವುದನ್ನು ಕಲಿತಿರಬೇಕು. ನಮ್ಮ ಬೆಚ್ಚನೆಯ ನೀರಿಗೆ, ಹವ್ಯಾಸಕ್ಕೆ, ಮೇಲೆ ಕೂರುವುದೇ ಸರಿ. ಮಗುಚಿದರೆ ನೀವು ಸುಮ್ಮನೆ ಪಕ್ಕಕ್ಕೆ ಬೀಳುತ್ತೀರಿ, ಅದನ್ನು ತಿರುಗಿಸಿ ಮತ್ತೆ ಹತ್ತುತ್ತೀರಿ. ತಳದ ತೂತುಗಳಿಂದ ನೀರು ತಾನಾಗಿ ಇಳಿದುಹೋಗುತ್ತದೆ.

ಬೋರ್ಡ್ ಸೋಲುವ ಕಡೆಗಳಲ್ಲೆಲ್ಲ ಕಯಾಕ್ ಗೆಲ್ಲುತ್ತದೆ. ದೇಹ ತಗ್ಗಿನಲ್ಲಿರುವುದರಿಂದ ಗಾಳಿ ಅಷ್ಟು ಕಾಡದು. ಎರಡು ಅಲಗಿನ ಹುಟ್ಟು ಎಡಬಲ ಸಮನಾಗಿ ದೂಡುವುದರಿಂದ ಇಳಿತದ ಎದುರು ಬರುವುದು ಸಾಧ್ಯ. ಬಿಡಲು ಮನಸ್ಸಿಲ್ಲದ ಕ್ಯಾಮೆರಾ, ದುರ್ಬೀನು, ನೀರಿನ ಬಾಟಲಿ, ತಿಂಡಿಯ ಡಬ್ಬಿ ಎಲ್ಲಕ್ಕೂ ಜಾಗವಿದೆ. ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಂದಿಗಳಲ್ಲಿ ಕೊಂಬೆಗಳು ತಲೆಯ ಮಟ್ಟಕ್ಕೆ ಬಾಗಿರುತ್ತವೆ. ಅಲ್ಲಿ ನಿಂತವನು ಪ್ರತಿ ಹತ್ತು ಮಾರಿಗೆ ಮಂಡಿಯೂರಬೇಕು, ಕುಳಿತವನು ತಲೆ ತಗ್ಗಿಸಿದರೆ ಸಾಕು. ಹಕ್ಕಿಗಳೂ ಕುಳಿತವನಿಗೆ ಅಷ್ಟಾಗಿ ಹೆದರುವುದಿಲ್ಲ. ನಿಂತ ಮನುಷ್ಯನ ಆಕಾರ ಕಂಡ ಕೂಡಲೇ ಬೆಳ್ಳಕ್ಕಿಗಳು ಏಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ತೊಂದರೆ ಇರುವುದು ನೀರಿನಲ್ಲಲ್ಲ, ನೆಲದ ಮೇಲೆ. ಒಬ್ಬರದು ಇಪ್ಪತ್ತರಿಂದ ಇಪ್ಪತ್ತೈದು ಕಿಲೋ, ಇಬ್ಬರದು ಮೂವತ್ತಕ್ಕೂ ಹೆಚ್ಚು. ಮಂಡಿನೋವಿನವರು ಕಯಾಕ್ ಒಳ್ಳೆಯದೆಂದು ಕೊಂಡು, ಅದನ್ನು ಕಾರಿನ ಮೇಲೆ ಎತ್ತುವಾಗ ಸೊಂಟ ಹಿಡಿಸಿಕೊಂಡರೆ ಏನು ಬಂತು? ತಗ್ಗಿನಿಂದ ಏಳುವುದೂ ಮಂಡಿಗೆ ಪರೀಕ್ಷೆಯೇ. ದಡಕ್ಕೆ ಬಂದ ಮೇಲೆ ಕೈ ಕೊಡಲು ಒಬ್ಬರಿರಬೇಕು. ಒಂದೇ ಭಂಗಿಯಲ್ಲಿ ಎರಡು ಗಂಟೆ ಕಾಲು ಚಾಚಿ ಕೂತರೆ ಬೆನ್ನು ಹಿಡಿಯುತ್ತದೆ, ಆಗ ಬೋರ್ಡಿನವನು ಕೂತು, ಮಂಡಿಯೂರಿ, ಮಲಗಿ ಹಾಯಾಗಿರುವುದನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕಾಗುತ್ತದೆ. ಇಬ್ಬರ ಕಯಾಕಿನಲ್ಲಿ ಹಿಂದೆ ಕೂತವರು ಮುಂದಿನವರ ಲಯಕ್ಕೆ ಹೊಂದಿಕೊಳ್ಳಬೇಕು. ನಮ್ಮ ಮನೆಯಲ್ಲಿ ಅದು ಒಂದೇ ಸಲಕ್ಕೆ ನಿಂತಿತು.

ಗಾಳಿ ತುಂಬುವ ಕಯಾಕ್ ಎಂಬ ನಡುದಾರಿಯಿದೆ. ಮಡಚಬಹುದು, ಹಗುರ. ಅಗ್ಗದವು ಗಾಳಿಗೆ ಎಲೆಯಂತೆ ತಿರುಗುತ್ತವೆ. ಬೋರ್ಡಿಗೇ ಬೆನ್ನೊರಗುವ ಕುರ್ಚಿ ಕಟ್ಟಿ, ಹುಟ್ಟಿನ ಇನ್ನೊಂದು ತುದಿಗೂ ಅಲಗು ಸೇರಿಸಿ ಕಯಾಕ್ ಎಂದು ಮಾರುವುದೂ ಉಂಟು. ಎರಡೂ ಬೇಕೆನ್ನುವವರಿಗೆ ಅದು ಎರಡರ ಅರ್ಧರ್ಧ. ಆದರೂ ಮಂಡಿ ದಣಿದಾಗ ಕೂರಲು ಒಂದು ಕುರ್ಚಿ ಇದ್ದರೆ ನಷ್ಟವೇನಿಲ್ಲ.

ಹರಿಗೋಲು

ಐನೂರು ವರ್ಷಗಳ ಹಿಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಆನೆಗೊಂದಿಯ ಕಡೆ ನದಿ ದಾಟಿಸುವ ದೋಣಿಗಳ ಬಗ್ಗೆ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಮತ್ತು ನೇರ ಹೋಗಲಾರದೆ ಸದಾ ತಿರುಗುತ್ತಲೇ ಇರುತ್ತವೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ. ತಿರುಗುವುದು ಹಾಗೆಯೇ ಇದೆ.

ಹಂಪಿಯ ತುಂಗಭದ್ರೆಯಲ್ಲಿ, ಸಾಣಾಪುರದ ಕೆರೆಯಲ್ಲಿ ಅಂಬಿಗರು ಕೂರಿಸಿಕೊಂಡು ಹೋಗುತ್ತಾರೆ. ಇದನ್ನು ಹವ್ಯಾಸದ ಆಯ್ಕೆಗಳ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ, ಏಕೆಂದರೆ ಎಪ್ಪತ್ತು ದಾಟಿದ ತಾಯಿ, ಆರು ವರ್ಷದ ಮಗಳು, ಈಜು ಬಾರದ ಭಾವ ಮೂವರನ್ನೂ ಒಟ್ಟಿಗೆ ನೀರಿನ ಮೇಲೆ ಕರೆದೊಯ್ಯಬಲ್ಲದ್ದು ಇದೊಂದೇ. ಚಪ್ಪಟೆ ತಳ, ಆದ್ದರಿಂದ ಮೊಣಕಾಲಿನಷ್ಟು ನೀರಿನಲ್ಲೂ ಬಂಡೆಗಳ ನಡುವೆ ನುಸುಳುತ್ತದೆ. ಹುಟ್ಟು ಹಾಕುವ ಕೆಲಸ ನದಿಯನ್ನು ಬಲ್ಲವರದು. ನೀವು ಮಾಡಬೇಕಾದದ್ದು ಎರಡು: ಲೈಫ್ ಜಾಕೆಟ್ ಇಲ್ಲದ ಹರಿಗೋಲು ಹತ್ತಬಾರದು, ಮತ್ತು ಗರಗರನೆ ತಿರುಗಿಸಿ ಎಂದು ಅಂಬಿಗರನ್ನು ಪುಸಲಾಯಿಸಬಾರದು. ಸ್ವಂತ ಹುಟ್ಟು ಹಾಕುವ ಆಸೆಯಾದರೆ ದಡದ ಬಳಿ ಹತ್ತು ನಿಮಿಷ ಕೇಳಿ ಪಡೆಯಿರಿ. ಮುಂದೆ ಕೂತು ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುವ ಆ ಕೈಚಳಕ ಹತ್ತು ನಿಮಿಷಕ್ಕೆ ಬರುವುದಿಲ್ಲ. ಆದರೆ ಅಂಬಿಗರ ಮೇಲಿನ ಗೌರವ ಹತ್ತು ನಿಮಿಷಕ್ಕೇ ಬರುತ್ತದೆ.

ಹರಿಯುವ ನೀರು ಮತ್ತು ಒಂದು ಒಡ್ಡು

ದಾಂಡೇಲಿಯ ಕಾಳಿಯಲ್ಲಿ ರಾಫ್ಟಿಂಗ್ ಮಾಡಿ ಬಂದವರು ಬೋರ್ಡ್ ಕೊಂಡು ಅಲ್ಲೇ ಇಳಿಯುವ ಮಾತಾಡುತ್ತಾರೆ. ರಾಫ್ಟಿನಲ್ಲಿ ತರಬೇತಾದ ಮಾರ್ಗದರ್ಶಿಯಿರುತ್ತಾನೆ, ಹೆಲ್ಮೆಟ್ ಇರುತ್ತದೆ, ಮೇಲಿನ ಸೂಪಾ ಅಣೆಕಟ್ಟಿನಿಂದ ನೀರು ಯಾವಾಗ ಬರುತ್ತದೆಂದು ಅವರಿಗೆ ತಿಳಿದಿರುತ್ತದೆ. ಆ ದಿನದ ಹಣ ಕೊಟ್ಟು, ಕೂಗಾಡಿ, ನೆನೆದು ಬರಬಹುದಾದ ಆಟ ಅದು, ಮನೆಗೆ ಕೊಂಡು ತರುವಂಥದ್ದಲ್ಲ. ಸ್ವಂತ ಬೋರ್ಡಿನೊಂದಿಗೆ ಅಲ್ಲಿ ಇಳಿಯಬೇಡಿ. ಕಾಳಿಯಲ್ಲಿ ಮೊಸಳೆಗಳಿವೆ, ರಂಗನತಿಟ್ಟಿನ ಸುತ್ತಲಿನ ಕಾವೇರಿಯಲ್ಲಿ, ತುಂಗಭದ್ರೆಯಲ್ಲಿಯೂ ಇವೆ.

ಆದರೆ ನನ್ನ ಭಯ ಮೊಸಳೆಯದ್ದಲ್ಲ, ಒಡ್ಡಿನದು. 2021ರ ಅಕ್ಟೋಬರ್ 30ರಂದು ವೇಲ್ಸ್‌ನ ಹ್ಯಾವರ್‌ಫೋರ್ಡ್‌ವೆಸ್ಟ್ ಎಂಬ ಪಟ್ಟಣದಲ್ಲಿ, ಮಳೆಗೆ ಉಬ್ಬಿದ್ದ ಕ್ಲೆಡೌ ನದಿಯಲ್ಲಿ ಪ್ಯಾಡಲ್ ಬೋರ್ಡಿನ ಒಂದು ಗುಂಪು ಅಡ್ಡಗಟ್ಟಿದ ಒಡ್ಡಿನ ಮೇಲೆ ಹೋಯಿತು. ನಾಲ್ವರು ತೀರಿಹೋದರು. ಒಡ್ಡನ್ನು ಮೇಲಿನಿಂದ ನೋಡಿದರೆ ನೀರಿನ ಮೇಲೊಂದು ನಯವಾದ ಗೆರೆಯಷ್ಟೇ ಕಾಣುತ್ತದೆ. ಕೆಳಗೆ ಬಿದ್ದ ನೀರು ತಿರುಗಿ ಒಡ್ಡಿನ ಕಡೆಗೇ ಎಳೆಯುತ್ತದೆ, ಲೈಫ್ ಜಾಕೆಟ್ ಇದ್ದವರನ್ನೂ ಬಿಡುವುದಿಲ್ಲ. ಇಂತಹ ಒಡ್ಡುಗಳು ಕಾವೇರಿಯ ಮೇಲೆ ಎಷ್ಟಿಲ್ಲ? ಶ್ರೀರಂಗಪಟ್ಟಣದ ಬಳಿಯ ಬಲಮುರಿಗೆ ಭಾನುವಾರ ಬುತ್ತಿ ಕಟ್ಟಿಕೊಂಡು ಹೋದವರಿಗೆ ಆ ಬಿಳಿ ನೊರೆಯ ಪರದೆ ಎಷ್ಟು ಮುದ್ದಾಗಿ ಕಾಣುತ್ತದೆಂದು ಗೊತ್ತು. ಅಲ್ಲಿ ಜನ ಮುಳುಗಿ ಸತ್ತಿರುವುದೂ ಗೊತ್ತು.

ಇದಕ್ಕೆ ಲೀಶ್ ಎಂಬ ದಾರದ ಸಂಗತಿಯೂ ಸೇರಿಕೊಂಡಿದೆ. ಬಿದ್ದಾಗ ಬೋರ್ಡ್ ದೂರ ಹೋಗದಂತೆ ನಿಮ್ಮನ್ನೂ ಅದನ್ನೂ ಕಟ್ಟಿಡುವ ದಾರ ಇದು. ನಿಂತ ನೀರಿನಲ್ಲಿ ಕಾಲಿಗೆ ಕಟ್ಟಬೇಕು, ಕಟ್ಟಲೇಬೇಕು. ಗಾಳಿಗೆ ಬೋರ್ಡ್ ಹೋಗುವ ವೇಗಕ್ಕೆ ಈಜಿ ಹಿಡಿಯಲಾಗದು. ಹರಿಯುವ ನೀರಿನಲ್ಲಿ, ಇಳಿತದ ಸೆಳೆತದಲ್ಲಿ ಅದೇ ಕಾಲಿನ ದಾರ ಬೇರಿಗೋ ಸೇತುವೆಯ ಕಂಬಕ್ಕೋ ಬಲೆಯ ಗೂಟಕ್ಕೋ ಸಿಕ್ಕಿದರೆ ನೀರಿನ ರಭಸದಲ್ಲಿ ಬಾಗಿ ಕಾಲನ್ನು ಮುಟ್ಟಲಾಗದು. ಅಲ್ಲಿ ಬೇಕಾದದ್ದು ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಕಳಚುವ ಬಗೆ. ಬೋರ್ಡಿನ ಜೊತೆ ಪೆಟ್ಟಿಗೆಯಲ್ಲಿ ಬರುವುದು ಸಾಮಾನ್ಯವಾಗಿ ಕಾಲಿನದು. ಅಳಿವೆಗೆ ಹೋಗುವವರು ಇನ್ನೊಂದನ್ನು ಬೇರೆಯಾಗಿ ಕೊಳ್ಳಿ.

ಲೈಫ್ ಜಾಕೆಟಿನ ಮೇಲೂ ತೇಲಿಸುವ ಬಲದ ಒಂದು ಅಂಕಿ ಇರುತ್ತದೆ, ಯಾರೂ ಓದುವುದಿಲ್ಲ. 50 ನ್ಯೂಟನ್ ಎಂದಿದ್ದರೆ ಈಜು ಬರುವವರಿಗೆ ಆಸರೆ. ಈಜು ಬಾರದವರಿಗೆ 100 ನ್ಯೂಟನ್ನಿನದು ಬೇಕು, ಅದು ಮುಖವನ್ನು ಮೇಲೆ ಹಿಡಿಯುವಂತೆ ಮಾಡಿದ್ದು. ಈಜೇ ಬಾರದವರು ಸ್ವಂತಕ್ಕೆ ಬೋರ್ಡ್ ಕೊಳ್ಳುವ ಮೊದಲು ಆ ಹಣದಲ್ಲಿ ಈಜು ಕಲಿಯಲಿ ಎನ್ನುವುದರಲ್ಲಿ ನನಗೆ ಸಂಕೋಚವಿಲ್ಲ.

ದುಡ್ಡಿನ ಲೆಕ್ಕ

ನಾನು ವಿಚಾರಿಸಿದ ಮಟ್ಟಿಗೆ, ನಂಬಬಹುದಾದ ಗಾಳಿಯ ಬೋರ್ಡ್ ಮೂವತ್ತು ಸಾವಿರದ ಆಸುಪಾಸಿನಿಂದ ಶುರು. ಒಳ್ಳೆಯ ಹುಟ್ಟು, ಜಾಕೆಟ್, ಸೊಂಟದ ಲೀಶ್ ಸೇರಿ ನಲವತ್ತು ಸಾವಿರ ಎನ್ನಿ. ಅದರ ಅರ್ಧ ಬೆಲೆಗೂ ಸಿಗುತ್ತವೆ, ಒಂದೇ ಪದರದ ತೆಳು ಹಾಳೆಯವು. ನನ್ನ ಮೊದಲನೆಯದು ಅಂಥದ್ದೇ, ಎರಡನೆಯ ಬೇಸಿಗೆಗೆ ಅಂಚು ಬಿಟ್ಟಿತು. ಬಾಡಿಗೆ ಗಂಟೆಗೆ 700 ರೂಪಾಯಿ ಎಂದಿಟ್ಟುಕೊಂಡರೆ ನಲವತ್ತು ಸಾವಿರಕ್ಕೆ 57 ಗಂಟೆ. ಒಂದು ಸಲಕ್ಕೆ ಎರಡು ಗಂಟೆಯಂತೆ 28 ಸಲ. ವರ್ಷಕ್ಕೆ ಆರು ಸಲ ಹೋಗುವವರಿಗೆ ಸುಮಾರು ಐದು ವರ್ಷದ ಬಾಡಿಗೆ ಅದು. ಅಷ್ಟು ವರ್ಷ ಬೋರ್ಡ್ ಬಾಳಿದರೆ ಪುಣ್ಯ. ತಿಂಗಳಿಗೆ ಎರಡು ಸಲ ಹೋಗುವವರಿಗೆ ಒಂದೂಕಾಲು ವರ್ಷದಲ್ಲೇ ದುಡ್ಡು ಹುಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ನೀರಿಗೆ ಇಳಿಯುವಂತಿಲ್ಲ ಎಂಬುದನ್ನು ಈ ಲೆಕ್ಕದಲ್ಲಿ ಎಲ್ಲರೂ ಮರೆಯುತ್ತಾರೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗೆ ಹೋಗುವುದಿಲ್ಲ, ನಮ್ಮ ಹಲಗೆಯದೇನು?

ಬಾಡಿಗೆಗೆ ಇನ್ನೊಂದು ಲಾಭವಿದೆ: ಆ ನೀರನ್ನು ಬಲ್ಲವರು ಜೊತೆಗಿರುತ್ತಾರೆ. ಮರಳು ತೆಗೆದ ಗುಂಡಿ ಎಲ್ಲಿದೆ, ಬಲೆ ಎಲ್ಲಿ ಕಟ್ಟಿದ್ದಾರೆ ಎಂದು ನಿಮಗೆ ಯಾವ ನಕ್ಷೆಯೂ ಹೇಳುವುದಿಲ್ಲ.

ಆ ಮೂರು ಕಡೆಯವರು

ಬೆಂಗಳೂರಿನ ದಂಪತಿಗೆ ನಾನು ಹೇಳಿದ್ದು: ಈ ವರ್ಷ ನಾಲ್ಕು ಸಲ ಮೂಲ್ಕಿಗೋ ಕೋಡಿ ಬೆಂಗ್ರೆಗೋ ಹೋಗಿ ಬಾಡಿಗೆಗೆ ತೆಗೆದುಕೊಳ್ಳಿ. ಅದರಲ್ಲಿ ಒಂದು ಸಲವಾದರೂ ಗಾಳಿ ಎದ್ದ ಹೊತ್ತಿನಲ್ಲಿ, ಮಾರ್ಗದರ್ಶಿಯ ಜೊತೆ. ಅದಾದ ಮೇಲೂ ಆಸೆ ಉಳಿದಿದ್ದರೆ 32 ಅಂಗುಲದ ಗಾಳಿಯ ಬೋರ್ಡ್ ಕೊಳ್ಳಿ, ಮೊದಲಿಗೆ ಒಂದೇ. ಆರನೆಯ ಮಹಡಿಯವರಿಗೆ ಬೇರೆ ಆಯ್ಕೆಯೇ ಇಲ್ಲ. ನಾಲ್ಕು ಸಲ ಹೋಗಲು ಬಿಡುವಾಗದಿದ್ದರೆ ಬೋರ್ಡ್ ಕೊಂಡರೂ ಬಿಡುವಾಗುವುದಿಲ್ಲ.

ಮೈಸೂರಿನವರ ವಿಷಯದಲ್ಲಿ ಮೊದಲು ಕಯಾಕ್ ಎಂದೇ ಅಂದುಕೊಂಡಿದ್ದೆ. ಆಮೇಲೆ ಅವರ ಕಾರು, ಅವರ ಮಂಡಿ, ಅವರೊಬ್ಬರೇ ಹೋಗುವುದು, ಮೈಸೂರಿನ ಸುತ್ತ ಅನುಮತಿ ಸಿಗುವ ನೀರು ಕಡಿಮೆ ಎಂಬುದು ಎಲ್ಲ ಕೂಡಿಸಿ ನೋಡಿದೆ. ಕೊಳ್ಳಬೇಡಿ ಎಂದೆ. ವರ್ಷಕ್ಕೆರಡು ಸಲ ಹೊನ್ನಾವರದಲ್ಲೋ ಕುಮಟಾದಲ್ಲೋ ಬಾಡಿಗೆಯ ಕಯಾಕ್, ಮೇಲೆ ಕೂರುವಂಥದ್ದು, ಇಬ್ಬರದು, ಹಿಂದೆ ಊರಿನ ಹುಡುಗನೊಬ್ಬ. ಹಕ್ಕಿ ನೋಡುವವರ ಕೈಯಲ್ಲಿ ದುರ್ಬೀನಿರಬೇಕು, ಹುಟ್ಟಲ್ಲ. ಅವರಿಗೆ ಸ್ವಲ್ಪ ಬೇಸರವಾಯಿತು, ಆದರೆ ಉಳಿದ ದುಡ್ಡಿಗೆ ಹೊಸ ದುರ್ಬೀನು ನೋಡುತ್ತಿದ್ದಾರೆ.

ಚಿಕ್ಕಮ್ಮನ ಮಗನ ತಮಾಷೆಯೇ ಕಷ್ಟದ್ದಾಗಿತ್ತು. ಪಾತಿ ದೋಣಿ ಭಾರ, ಒಬ್ಬನೇ ದಡಕ್ಕೆ ಎಳೆಯಲಾಗದು, ಮಳೆಗಾಲದಲ್ಲಿ ಮೇಲೆ ಹತ್ತಿಸಿ ಮುಚ್ಚಿಡಬೇಕು, ವರ್ಷಕ್ಕೊಮ್ಮೆ ಎಣ್ಣೆ ಸವರಬೇಕು. ಆದರೆ ಅವನ ಮನೆಯಿಂದ ನದಿಗೆ ನಲವತ್ತು ಹೆಜ್ಜೆ. ಸಾಗಣೆಯ ಪ್ರಶ್ನೆ ಇಲ್ಲ, ಇಡುವ ಪ್ರಶ್ನೆ ಇಲ್ಲ, ರಿಪೇರಿ ಮಾಡುವ ಆಚಾರಿ ಪಕ್ಕದ ಊರಿನಲ್ಲೇ ಇದ್ದಾರೆ. ಅವನ ತಂದೆಗೆ ಹುಟ್ಟು ಹಾಕುವುದು ಬರುತ್ತದೆ. ನನ್ನ ಮಾನದಂಡಗಳನ್ನು ಒಂದೊಂದಾಗಿ ಹಿಡಿದು ನೋಡಿದರೂ ಬೋರ್ಡಾಗಲಿ ಕಯಾಕಾಗಲಿ ಅವನಿಗೆ ಗೆಲ್ಲಲಿಲ್ಲ. ದೋಣಿಯನ್ನೇ ಕೊಳ್ಳು ಎಂದೆ. ಕಳೆದ ವಾರ ಒಂದನ್ನು ನೋಡಿ ಬಂದಿದ್ದಾನೆ, ತಳದಲ್ಲಿ ಒಂದು ಕಡೆ ಮರ ಮೆತ್ತಗಾಗಿದೆಯಂತೆ, ಬೆಲೆ ಇಳಿಸಲು ಮಾತು ನಡೆಯುತ್ತಿದೆ. ಮುಂದಿನ ಅಷ್ಟಮಿಯೊಳಗೆ ಅದು ಕುದುರಿದರೆ ನನ್ನ ಬೋರ್ಡ್ ಈ ಸಲ ಮಂಚದ ಕೆಳಗೇ ಉಳಿಯುತ್ತದೆ.